ನಿನ್ನೆ ಆ ಕಡೆ, ಇವತ್ತು ಈ ಕಡೆ: ವಿಮಾನಗಳು ಏರುವ, ಇಳಿಯುವ ದಿಕ್ಕು ಬದಲಾಗುವುದೇಕೆ?

2025ರ ಜೂನ್ ಕೊನೆಯ ವಾರ. ಅಹಮದಾಬಾದ್‌ನ ವಿಮಾನ ದುರಂತ ನಡೆದು ಇನ್ನೂ ಎರಡು ವಾರವೂ ಸರಿಯಾಗಿ ಕಳೆದಿರಲಿಲ್ಲ. ಸೂಲಿಬೆಲೆ ಕಡೆ ಇರುವ ನಮ್ಮ ಚಿಕ್ಕಪ್ಪ ಮನೆಯವರ ವಾಟ್ಸ್‌ಆ್ಯಪ್ ಗ್ರೂಪಿಗೆ ಒಂದು ವಾಯ್ಸ್ ಮೆಸೇಜ್ ಹಾಕಿದರು. "ನೋಡಮ್ಮಾ, ಹೋದ ತಿಂಗಳು ವಿಮಾನ ಹಿಂಗೆ ಬರ್ತಿರ್ಲಿಲ್ಲ. ಈಗ ಒಂದರ ಹಿಂದೆ ಒಂದು, ತೆಂಗಿನ ಮರಕ್ಕೆ ತಾಗೋ ಹಂಗೆ ಕೆಳಗೆ ಬರ್ತಾವೆ. ಮಕ್ಕಳನ್ನ ಅಂಗಳಕ್ಕೆ ಬಿಡೋಕೂ ಭಯ ಆಗುತ್ತೆ. ಏನೋ ಆಗಿದೆ ಅನ್ಸುತ್ತೆ, ನೀನು ಓದಿದೋಳು, ಸ್ವಲ್ಪ ನೋಡಿ ಹೇಳು."

ಅದರ ಕೆಳಗೇ ಒಂದು ಫಾರ್ವರ್ಡ್ ಇತ್ತು: "ಏರ್‌ಪೋರ್ಟ್‌ನಲ್ಲಿ ದೊಡ್ಡ ದೋಷ. ಮುಚ್ಚಿಡಲು ವಿಮಾನಗಳನ್ನು ಉಲ್ಟಾ ದಿಕ್ಕಿನಿಂದ ಇಳಿಸುತ್ತಿದ್ದಾರೆ. ಎಲ್ಲರಿಗೂ ತಲುಪಿಸಿ."

ಚಿಕ್ಕಪ್ಪ ಕಣ್ಣಾರೆ ನೋಡಿದ್ದು ಸುಳ್ಳಲ್ಲ. ವಿಮಾನಗಳು ಬರುವ ದಿಕ್ಕು ನಿಜವಾಗಿಯೂ ಬದಲಾಗಿತ್ತು. ಆದರೆ ಫಾರ್ವರ್ಡ್ ಹೇಳಿದ ಕಾರಣ ಮಾತ್ರ ಪೂರ್ತಿ ತಪ್ಪು. ದಿಕ್ಕು ಬದಲಾಗಿದ್ದು ದೋಷದಿಂದಲ್ಲ, ಆಷಾಢದ ಗಾಳಿಯಿಂದ. ಅಷ್ಟೇ ಅಲ್ಲ, ಆ ಗಾಳಿ ಶುರುವಾದ ಮೇಲೂ ದಿಕ್ಕು ಬದಲಾಗದೇ ಇದ್ದಿದ್ದರೆ ಆಗ ಭಯಪಡಬೇಕಿತ್ತು. ಹೇಗೆ ಅಂತ ನೋಡೋಣ.

ವಿಮಾನಕ್ಕೆ ಬೇಕಾದದ್ದು ನೆಲದ ವೇಗವಲ್ಲ, ಗಾಳಿಯ ವೇಗ

ಆಷಾಢದಲ್ಲಿ ಗಾಳಿಪಟ ಹಾರಿಸಿದವರಿಗೆಲ್ಲ ಈ ವಿಷಯ ಗೊತ್ತಿರುತ್ತದೆ. ಪಟ ಮೇಲೇರದಿದ್ದರೆ ದಾರ ಹಿಡಿದವರು ಯಾವ ಕಡೆ ಓಡುತ್ತಾರೆ? ಗಾಳಿಗೆ ಎದುರಾಗಿ. ಗಾಳಿ ಹೋಗುವ ಕಡೆಗೇ ಓಡಿದರೆ ಪಟ ದೊಪ್ಪನೆ ಬೀಳುತ್ತದೆ. ಗಾಳಿ ಜೋರಾಗಿದ್ದರಂತೂ ಓಡುವುದೇ ಬೇಡ, ನಿಂತಲ್ಲೇ ಪಟ ಏರುತ್ತದೆ.

ವಿಮಾನದ್ದೂ ಇದೇ ಕಥೆ. ವಿಮಾನವನ್ನು ಮೇಲೆತ್ತುವುದು ರೆಕ್ಕೆಗಳ ಮೇಲೆ, ಕೆಳಗೆ ಹರಿದುಹೋಗುವ ಗಾಳಿ. ಆ ಗಾಳಿ ಎಷ್ಟು ವೇಗವಾಗಿ ಹರಿಯುತ್ತದೆ ಎಂಬುದಷ್ಟೇ ರೆಕ್ಕೆಗೆ ಲೆಕ್ಕ. ಕೆಳಗೆ ಚಕ್ರಗಳು ನೆಲದ ಮೇಲೆ ಎಷ್ಟು ವೇಗವಾಗಿ ಉರುಳುತ್ತಿವೆ ಎಂಬುದು ರೆಕ್ಕೆಗೆ ಗೊತ್ತೇ ಆಗುವುದಿಲ್ಲ.

ಒಂದು ಸುಲಭದ ಲೆಕ್ಕ ಮಾಡೋಣ. ಒಂದು ವಿಮಾನ ಇಳಿಯುವಾಗ ರೆಕ್ಕೆಗಳ ಮೇಲೆ ಗಂಟೆಗೆ 260 ಕಿ.ಮೀ. ವೇಗದ ಗಾಳಿ ಹರಿಯಬೇಕು ಎಂದುಕೊಳ್ಳಿ. ಏರ್‌ಬಸ್ 320, ಬೋಯಿಂಗ್ 737 ತರಹದ ವಿಮಾನಗಳು ಇಳಿಯುವ ವೇಗ ಇದರ ಆಸುಪಾಸಿನಲ್ಲೇ ಇರುತ್ತದೆ.

ಗಾಳಿ ಎದುರಿನಿಂದ ಗಂಟೆಗೆ 20 ಕಿ.ಮೀ. ವೇಗದಲ್ಲಿ ಬೀಸುತ್ತಿದ್ದರೆ, ಆ 20 ಕಿ.ಮೀ. ವಿಮಾನಕ್ಕೆ ಪುಕ್ಕಟೆಯಾಗಿ ಸಿಕ್ಕಿತು. ನೆಲದ ಮೇಲೆ ಅದರ ವೇಗ 240 ಇದ್ದರೆ ಸಾಕು.

ಅದೇ ಗಾಳಿ ಹಿಂದಿನಿಂದ ಬೀಸುತ್ತಿದ್ದರೆ ಲೆಕ್ಕ ತಿರುಗುಮುರುಗಾಗುತ್ತದೆ. ರೆಕ್ಕೆಗೆ 260 ಸಿಗಬೇಕಾದರೆ ನೆಲದ ಮೇಲೆ 280 ಕಿ.ಮೀ. ವೇಗದಲ್ಲಿ ಓಡಬೇಕು.

240ಕ್ಕೂ 280ಕ್ಕೂ ಏನು ಮಹಾ ವ್ಯತ್ಯಾಸ ಅನ್ನಿಸಬಹುದು. ಆದರೆ ಓಡುವ ವಸ್ತುವಿನಲ್ಲಿರುವ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಹೆಚ್ಚುತ್ತದೆ. ಆ ಲೆಕ್ಕದಲ್ಲಿ 280ರ ವೇಗದಲ್ಲಿ ನೆಲ ಮುಟ್ಟಿದ ವಿಮಾನವನ್ನು ನಿಲ್ಲಿಸಲು, 240ರ ವೇಗದಲ್ಲಿ ಮುಟ್ಟಿದ್ದಕ್ಕಿಂತ ಸುಮಾರು ಶೇ. 36ರಷ್ಟು ಹೆಚ್ಚು ಶಕ್ತಿಯನ್ನು ಬ್ರೇಕ್‌ಗಳು ತಡೆದುಕೊಳ್ಳಬೇಕು. ಗಾಳಿ ಅಷ್ಟೇ, ವಿಮಾನ ಅದೇ, ರನ್‌ವೇ ಅದೇ. ಬದಲಾಗಿದ್ದು ದಿಕ್ಕು ಮಾತ್ರ. ಮಳೆ ಬಂದು ರನ್‌ವೇ ಒದ್ದೆಯಾಗಿದ್ದರೆ ಈ ವ್ಯತ್ಯಾಸ ಇನ್ನೂ ದುಬಾರಿ.

ಟೇಕ್ ಆಫ್ ಆಗುವಾಗಲೂ ಹೀಗೆಯೇ. ಎದುರುಗಾಳಿ ಇದ್ದರೆ ಕಡಿಮೆ ದೂರ ಓಡಿ ಬೇಗ ಮೇಲೇರುತ್ತದೆ. ಹಿಂದಿನಿಂದ ಗಾಳಿ ಇದ್ದರೆ ಹೆಚ್ಚು ದೂರ ಓಡಬೇಕು, ಏರಿದ ಮೇಲೂ ಮುಂದಿರುವ ಕಟ್ಟಡ, ಗುಡ್ಡಗಳ ಮೇಲೆ ಸಿಗುವ ಅಂತರ ಕಡಿಮೆ.

ಮೊದಲ ದಿನದಿಂದಲೂ ಇದೇ ಪಾಠ

1903ರ ಡಿಸೆಂಬರ್ 17ರಂದು ರೈಟ್ ಸಹೋದರರು ಅಮೆರಿಕದ ಕಿಟಿ ಹಾಕ್ ಬಳಿ ಮೊದಲ ಬಾರಿ ಇಂಜಿನ್ ಇರುವ ವಿಮಾನ ಹಾರಿಸಿದರು. ಅಷ್ಟು ದೂರದ ಆ ಸಮುದ್ರ ತೀರವನ್ನು ಅವರು ಆರಿಸಿಕೊಳ್ಳಲು ಅಲ್ಲಿನ ಜೋರು ಗಾಳಿಯೂ ಒಂದು ಕಾರಣ. ಅಂದು ಗಾಳಿ ಗಂಟೆಗೆ 20 ಮೈಲಿಗಿಂತ ಹೆಚ್ಚಿನ ವೇಗದಲ್ಲಿ ಬೀಸುತ್ತಿತ್ತು. ಅದಕ್ಕೆ ಎದುರಾಗಿ ಹಾರಿದ ವಿಮಾನ 12 ಸೆಕೆಂಡಿನಲ್ಲಿ 120 ಅಡಿ ಹೋಯಿತು. ಅಂದರೆ ನೆಲದ ಲೆಕ್ಕದಲ್ಲಿ ಗಂಟೆಗೆ ಸುಮಾರು 11 ಕಿ.ಮೀ. ಮಾತ್ರ, ಸೈಕಲ್ ತುಳಿಯುವಷ್ಟು ವೇಗ. ಉಳಿದದ್ದನ್ನೆಲ್ಲ ಎದುರುಗಾಳಿಯೇ ಕೊಟ್ಟಿತ್ತು.

ಇವತ್ತಿಗೂ ಸಮುದ್ರದ ಮಧ್ಯೆ ಯುದ್ಧವಿಮಾನಗಳನ್ನು ಹಾರಿಸುವ ವಿಮಾನವಾಹಕ ನೌಕೆಗಳು ಇದನ್ನೇ ಮಾಡುತ್ತವೆ. ನಮ್ಮ ಕಾರವಾರವನ್ನೇ ನೆಲೆಯಾಗಿಸಿಕೊಂಡಿರುವ ಐಎನ್‌ಎಸ್ ವಿಕ್ರಮಾದಿತ್ಯದಂಥ ಹಡಗಿನಲ್ಲಿ ರನ್‌ವೇ ತುಂಬಾ ಚಿಕ್ಕದು. ಹಾಗಾಗಿ ವಿಮಾನ ಹಾರಿಸುವ ಹೊತ್ತಿಗೆ ಇಡೀ ಹಡಗನ್ನೇ ಗಾಳಿಯತ್ತ ತಿರುಗಿಸುತ್ತಾರೆ.

ಆದರೆ ನೆಲದ ಮೇಲಿನ ರನ್‌ವೇಯನ್ನು ತಿರುಗಿಸಲು ಆಗುವುದಿಲ್ಲವಲ್ಲ. ಆದ್ದರಿಂದ ವಿಮಾನವೇ ರನ್‌ವೇಯ ಯಾವ ತುದಿಯಿಂದ ಓಡಬೇಕು ಎಂಬುದನ್ನು ಬದಲಿಸುತ್ತಾರೆ.

ಒಂದೇ ರನ್‌ವೇಗೆ ಎರಡು ಹೆಸರು

ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಪೂರ್ವ-ಪಶ್ಚಿಮವಾಗಿ ಹಾಸಿದ ಎರಡು ರನ್‌ವೇಗಳಿವೆ. ಎರಡೂ ತಲಾ 4,000 ಮೀಟರ್ ಉದ್ದ, ಒಂದಕ್ಕೊಂದು ಸಮಾನಾಂತರ. ಪ್ರತಿ ರನ್‌ವೇಯ ಒಂದು ತುದಿಯಲ್ಲಿ 09, ಇನ್ನೊಂದು ತುದಿಯಲ್ಲಿ 27 ಎಂದು ದೊಡ್ಡದಾಗಿ ಬರೆದಿರುತ್ತದೆ.

ಇದು ದಿಕ್ಸೂಚಿಯ ಲೆಕ್ಕ. ಉತ್ತರದಿಂದ ಬಲಕ್ಕೆ ಅಳೆದರೆ ಪೂರ್ವ 90 ಡಿಗ್ರಿ, ಪಶ್ಚಿಮ 270 ಡಿಗ್ರಿ. ಕೊನೆಯ ಸೊನ್ನೆ ತೆಗೆದರೆ 09 ಮತ್ತು 27. ವಿಮಾನ ಪೂರ್ವಕ್ಕೆ ಮುಖ ಮಾಡಿ ಓಡಿದರೆ ಅದು ರನ್‌ವೇ 09 ಬಳಸುತ್ತಿದೆ. ಅದೇ ಡಾಂಬರಿನ ಮೇಲೆ ಪಶ್ಚಿಮಕ್ಕೆ ಓಡಿದರೆ ರನ್‌ವೇ 27. ಮಂಗಳೂರಿನ ರನ್‌ವೇ ಸ್ವಲ್ಪ ಓರೆಯಾಗಿದೆ, ಅದರ ಎರಡು ಹೆಸರು 06 ಮತ್ತು 24. ಯಾವ ರನ್‌ವೇ ತೆಗೆದುಕೊಂಡರೂ ಎರಡು ಸಂಖ್ಯೆಗಳ ನಡುವಿನ ವ್ಯತ್ಯಾಸ 18 ಇರುತ್ತದೆ, ಅಂದರೆ 180 ಡಿಗ್ರಿ, ನೇರ ವಿರುದ್ಧ ದಿಕ್ಕು.

ಗಾಳಿಗೆ ಹೆಸರಿಡುವುದು ಮಾತ್ರ ಅದು ಎಲ್ಲಿಂದ ಬರುತ್ತದೆ ಎಂಬುದನ್ನು ನೋಡಿ. ಪಡುವಣ ಗಾಳಿ ಅಂದರೆ ಪಡುವಣದಿಂದ, ಅಂದರೆ ಪಶ್ಚಿಮದಿಂದ ಬೀಸುವ ಗಾಳಿ. ಹಾಗಾಗಿ "ಗಾಳಿ 270 ಡಿಗ್ರಿಯಿಂದ" ಎಂದು ವರದಿ ಬಂದರೆ ರನ್‌ವೇ 27 ಬಳಸಬೇಕು. ಎರಡೂ ಸಂಖ್ಯೆ ಹೊಂದಿಕೊಂಡರೆ ಎದುರುಗಾಳಿ ಸಿಕ್ಕಿತು ಎಂದೇ ಅರ್ಥ.

ಇಷ್ಟಕ್ಕೂ ರನ್‌ವೇಯನ್ನು ಯಾವ ದಿಕ್ಕಿಗೆ ಹಾಕಬೇಕು ಎಂಬುದನ್ನು ತೀರ್ಮಾನಿಸುವುದೂ ಗಾಳಿಯೇ. ನಿಲ್ದಾಣ ಕಟ್ಟುವ ಮೊದಲೇ ಆ ಜಾಗದ ಹಲವು ವರ್ಷಗಳ ಗಾಳಿಯ ದಾಖಲೆ ನೋಡುತ್ತಾರೆ. ಕನಿಷ್ಠ ಶೇ. 95ರಷ್ಟು ಸಮಯ ಅಡ್ಡಗಾಳಿಯ ತೊಂದರೆ ಇಲ್ಲದೆ ರನ್‌ವೇ ಬಳಸುವಂತಿರಬೇಕು ಎಂಬುದು ಅಂತಾರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ಶಿಫಾರಸು.

ಸೂಲಿಬೆಲೆ ಕಡೆ ಜೂನ್‌ನಲ್ಲಿ ಆಗಿದ್ದೇನು?

ಈಗ ಚಿಕ್ಕಪ್ಪನ ಪ್ರಶ್ನೆಗೆ ಬರೋಣ. ಬೆಂಗಳೂರಿನ ಸುತ್ತಮುತ್ತ ಚಳಿಗಾಲದಲ್ಲಿ ಹೆಚ್ಚಾಗಿ ಮೂಡಣ ಗಾಳಿ, ಅಂದರೆ ಪೂರ್ವ ಅಥವಾ ಈಶಾನ್ಯದಿಂದ ಬೀಸುವ ಗಾಳಿ. ಆಗ ವಿಮಾನಗಳು ಪಶ್ಚಿಮದ ಕಡೆಯಿಂದ, ರಾಜಾನುಕುಂಟೆ ಕಡೆಯಿಂದ, ಬಂದು ಇಳಿಯುತ್ತವೆ. ಪೂರ್ವಕ್ಕೆ ಮುಖ ಮಾಡಿ ಏರುತ್ತವೆ. ಸೂಲಿಬೆಲೆ ಕಡೆಯವರಿಗೆ ಕಾಣುವುದು ಏರಿ ಹೋಗುತ್ತಿರುವ ವಿಮಾನಗಳು.

ಜೂನ್‌ನಲ್ಲಿ ಮುಂಗಾರು ಹಿಡಿಯುತ್ತಿದ್ದಂತೆ ಪಡುವಣ ಗಾಳಿ ಜೋರಾಗುತ್ತದೆ. ಇದೇ ನಮ್ಮ ಆಷಾಢದ ಗಾಳಿ. ಆಗ ಎಲ್ಲವೂ ಅದಲುಬದಲು. ವಿಮಾನಗಳು ಪೂರ್ವದಿಂದ, ಅಂದರೆ ಸೂಲಿಬೆಲೆ ಕಡೆಯಿಂದ, ಬಂದು ಇಳಿಯುತ್ತವೆ. ಪಶ್ಚಿಮಕ್ಕೆ ಮುಖ ಮಾಡಿ ಏರುತ್ತವೆ. ಸೆಪ್ಟೆಂಬರ್ ತನಕ ಹೆಚ್ಚಿನ ದಿನ ಹೀಗೆಯೇ. ಮಧ್ಯದ ತಿಂಗಳುಗಳಲ್ಲಿ, ಅದರಲ್ಲೂ ಏಪ್ರಿಲ್-ಮೇ ತಿಂಗಳ ಗುಡುಗು ಮಳೆಯ ಸಂಜೆಗಳಲ್ಲಿ, ಒಂದೇ ದಿನದಲ್ಲಿ ದಿಕ್ಕು ಬದಲಾಗುವುದೂ ಉಂಟು.

"ಅಷ್ಟು ಕೆಳಗೆ ಯಾಕೆ ಬರ್ತಾವೆ?" ಇದು ಚಿಕ್ಕಪ್ಪನ ಎರಡನೇ ಪ್ರಶ್ನೆ. ಇಳಿಯುವ ವಿಮಾನ ಸಾಮಾನ್ಯವಾಗಿ 3 ಡಿಗ್ರಿ ಇಳಿಜಾರಿನಲ್ಲಿ ಬರುತ್ತದೆ. ಇದು ತುಂಬಾ ನಿಧಾನದ ಇಳಿಜಾರು. ರನ್‌ವೇಯ ತುದಿಯಿಂದ 10 ಕಿ.ಮೀ. ದೂರದಲ್ಲಿರುವಾಗ ವಿಮಾನ ಸುಮಾರು 1,700 ಅಡಿ ಎತ್ತರದಲ್ಲಿರಬೇಕು, 5 ಕಿ.ಮೀ. ದೂರದಲ್ಲಿ ಅದರ ಅರ್ಧ. ಏರುವ ವಿಮಾನ ಇದಕ್ಕಿಂತ ಕಡಿದಾಗಿ ಏರುವುದರಿಂದ ಅದೇ ಜಾಗದಲ್ಲಿ ಇನ್ನೂ ಮೇಲಿರುತ್ತದೆ. ಆದ್ದರಿಂದ ಏರುವ ವಿಮಾನಗಳನ್ನು ನೋಡಿ ಅಭ್ಯಾಸವಾದ ಕಣ್ಣಿಗೆ ಇಳಿಯುವ ವಿಮಾನಗಳು ತೀರಾ ಕೆಳಗೆ ಬಂದಂತೆ ಕಾಣುತ್ತವೆ. ಅವು ಎಲ್ಲಿರಬೇಕೋ ಅಲ್ಲೇ ಇರುತ್ತವೆ.

ಯಾರು ತೀರ್ಮಾನಿಸುತ್ತಾರೆ? ಹೇಗೆ?

ರನ್‌ವೇ ಪಕ್ಕದಲ್ಲಿ ಗಾಳಿಯ ವೇಗ, ದಿಕ್ಕು ಅಳೆಯುವ ಉಪಕರಣಗಳಿರುತ್ತವೆ. ಜೊತೆಗೆ ಕಂಬಕ್ಕೆ ಕಟ್ಟಿದ, ಉದ್ದ ಕಾಲುಚೀಲದಂತೆ ಕಾಣುವ ಬಣ್ಣದ ಬಟ್ಟೆಯೂ ಇರುತ್ತದೆ. ವಿಮಾನದ ಕಿಟಕಿಯಿಂದ ನೀವೂ ಇದನ್ನು ನೋಡಿರಬಹುದು. ಎಟಿಸಿ, ಅಂದರೆ ವಿಮಾನ ಸಂಚಾರ ನಿಯಂತ್ರಣದವರು, ಈ ಮಾಹಿತಿ ಮತ್ತು ಮುಂದಿನ ಹವಾಮಾನ ನೋಡಿ ಯಾವ ದಿಕ್ಕು ಬಳಸಬೇಕೆಂದು ತೀರ್ಮಾನಿಸುತ್ತಾರೆ. ಅದು ರೇಡಿಯೊ ಮೂಲಕ ಎಲ್ಲ ಪೈಲಟ್‌ಗಳಿಗೂ ತಿಳಿಯುತ್ತದೆ. ಕೊಟ್ಟ ರನ್‌ವೇ ತನ್ನ ವಿಮಾನಕ್ಕೆ ಸುರಕ್ಷಿತವಲ್ಲ ಅನ್ನಿಸಿದರೆ ಪೈಲಟ್ ಬೇರೆ ರನ್‌ವೇ ಕೇಳಬಹುದು.

ಹಾಗಂತ ಗಾಳಿ ಸ್ವಲ್ಪ ಅಲುಗಾಡಿದರೂ ದಿಕ್ಕು ಬದಲಿಸುವುದಿಲ್ಲ. ಬದಲಿಸುವುದು ಸಣ್ಣ ಕೆಲಸವಲ್ಲ. ಆಕಾಶದಲ್ಲಿ ಸಾಲಾಗಿ ಬರುತ್ತಿರುವ ವಿಮಾನಗಳನ್ನು ಸುತ್ತು ಹಾಕಿಸಿ ಇನ್ನೊಂದು ಕಡೆಗೆ ತರಬೇಕು. ನೆಲದ ಮೇಲೆ ಟೇಕ್ ಆಫ್‌ಗೆ ಕ್ಯೂ ನಿಂತಿರುವ ವಿಮಾನಗಳು ಕಿಲೋಮೀಟರುಗಟ್ಟಲೆ ಉರುಳಿಕೊಂಡು ಇನ್ನೊಂದು ತುದಿಗೆ ಹೋಗಬೇಕು. ಎರಡು ಸಮಾನಾಂತರ ರನ್‌ವೇಗಳಿದ್ದರೆ ಎರಡನ್ನೂ ಒಟ್ಟಿಗೆ ಬದಲಿಸಬೇಕು, ಇಲ್ಲದಿದ್ದರೆ ವಿಮಾನಗಳು ಎದುರುಬದುರಾಗುತ್ತವೆ. ಈ ಹೊತ್ತಿನಲ್ಲಿ ಫ್ಲೈಟ್ ಟ್ರ್ಯಾಕಿಂಗ್ ಆ್ಯಪ್ ತೆರೆದರೆ ವಿಮಾನಗಳು ಗಿರಕಿ ಹೊಡೆಯುವುದು ಕಾಣುತ್ತದೆ. ಅದರ ಸ್ಕ್ರೀನ್‌ಶಾಟ್ ತೆಗೆದು "ಇಳಿಯಲಾಗದೆ ಆಕಾಶದಲ್ಲಿ ಪರದಾಡುತ್ತಿರುವ ವಿಮಾನ" ಎಂದು ಹಂಚುವವರೂ ಇದ್ದಾರೆ. ಪರದಾಟವೇನೂ ಇಲ್ಲ, ಅದು ಸರದಿಗಾಗಿ ಕಾಯುವ ಸುತ್ತು.

ಹಿಂದಿನಿಂದ ಗಾಳಿ ತುಂಬಾ ಕಡಿಮೆ ಇದ್ದರೆ, ಸುಮಾರು 5 ನಾಟ್ ಒಳಗೆ, ಅಂದರೆ ಗಂಟೆಗೆ 9 ಕಿ.ಮೀ. ತನಕ, ಅದೇ ದಿಕ್ಕಿನಲ್ಲಿ ಮುಂದುವರಿಯುವುದುಂಟು. ಹೆಚ್ಚಿನ ಪ್ರಯಾಣಿಕ ವಿಮಾನಗಳಿಗೆ ಹಿಂದಿನ ಗಾಳಿಯ ಮಿತಿ 10 ನಾಟ್, ಕೆಲವಕ್ಕೆ 15. ಅದನ್ನು ದಾಟಿದರೆ ಇಳಿಯುವಂತಿಲ್ಲ.

ಎಲ್ಲ ಕಡೆ ಗಾಳಿಯೊಂದೇ ಕಾರಣವೇ?

ಅಲ್ಲ. ಲೇಹ್ ವಿಮಾನ ನಿಲ್ದಾಣದ ಸುತ್ತ ಬೆಟ್ಟಗಳಿವೆ. ಅಲ್ಲಿ ವಿಮಾನಗಳು ಸಾಮಾನ್ಯವಾಗಿ ಒಂದು ಕಡೆಯಿಂದಲೇ ಇಳಿದು, ಬಂದ ಕಡೆಗೇ ಏರಿ ಹೋಗುತ್ತವೆ. ಮಧ್ಯಾಹ್ನದ ಮೇಲೆ ಕಣಿವೆಯಲ್ಲಿ ಗಾಳಿ ಜೋರಾಗುವುದರಿಂದ ಹೆಚ್ಚಿನ ವಿಮಾನಗಳು ಬೆಳಗ್ಗೆಯೇ ಬಂದು ಹೋಗುತ್ತವೆ. ಲಂಡನ್‌ನ ಹೀಥ್ರೂನಲ್ಲಿ ಜನರಿಗೆ ಸದ್ದಿನ ಹೊರೆ ಹಂಚಿಹೋಗಲಿ ಎಂದು, ಪಶ್ಚಿಮಾಭಿಮುಖವಾಗಿ ಹಾರುವ ದಿನಗಳಲ್ಲಿ ಮಧ್ಯಾಹ್ನ 3 ಗಂಟೆಗೆ ಇಳಿಯುವ ಮತ್ತು ಏರುವ ರನ್‌ವೇಗಳನ್ನು ಅದಲುಬದಲು ಮಾಡುತ್ತಾರೆ. ಗಾಳಿ ಸುಮ್ಮನಿರುವ ಹೊತ್ತಿನಲ್ಲಿ ಇಂಥ ಕಾರಣಗಳಿಗೆ ಜಾಗವಿರುತ್ತದೆ. ಗಾಳಿ ಮಿತಿ ದಾಟಿದರೆ ಮಾತ್ರ ಕೊನೆಯ ಮಾತು ಗಾಳಿಯದ್ದೇ.

ದಿಕ್ಕು ತಪ್ಪಿದರೆ ಏನಾಗುತ್ತದೆ: ಕೋಯಿಕ್ಕೋಡ್, 2020

2020ರ ಆಗಸ್ಟ್ 7ರ ಸಂಜೆ ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಕೋಯಿಕ್ಕೋಡ್‌ನಲ್ಲಿ ಇಳಿಯಬೇಕಿತ್ತು. ಕೊರೊನಾ ಕಾಲ, ಊರಿಗೆ ಮರಳುತ್ತಿದ್ದವರು ಸೇರಿ ಒಳಗೆ 190 ಮಂದಿ. ಹೊರಗೆ ಮಳೆ. ಮಂಗಳೂರಿನಂತೆ ಇದೂ ಗುಡ್ಡದ ತಲೆಯ ಮೇಲೆ ಕಟ್ಟಿದ ಟೇಬಲ್‌ಟಾಪ್ ರನ್‌ವೇ. ವಿಮಾನ ಮೊದಲು ಪಶ್ಚಿಮಾಭಿಮುಖವಾಗಿ ರನ್‌ವೇ 28ರಲ್ಲಿ ಇಳಿಯಲು ಪ್ರಯತ್ನಿಸಿ, ಆಗದೆ ಮತ್ತೆ ಮೇಲೇರಿತು. ಎರಡನೇ ಸಲ ವಿರುದ್ಧ ದಿಕ್ಕಿನಿಂದ, ರನ್‌ವೇ 10ರಲ್ಲಿ ಇಳಿಯಿತು.

ಆಗ ಗಾಳಿ ಹಿಂದಿನಿಂದ ಬೀಸುತ್ತಿತ್ತು. ಭಾರತದ ವಿಮಾನ ಅಪಘಾತ ತನಿಖಾ ಬ್ಯೂರೋದ ವರದಿಯ ಪ್ರಕಾರ ಆ ಗಾಳಿ ಸುಮಾರು 14 ನಾಟ್. ವಿಮಾನ ನೆಲ ಮುಟ್ಟುವಷ್ಟರಲ್ಲಿ ರನ್‌ವೇಯ ಅರ್ಧದಷ್ಟು ದಾಟಿ ಹೋಗಿತ್ತು. ಉಳಿದ ಒದ್ದೆ ರನ್‌ವೇಯಲ್ಲಿ ನಿಲ್ಲಲಾಗದೆ ತುದಿಯಿಂದಾಚೆ ಕೆಳಗೆ ಬಿದ್ದು ಮುರಿಯಿತು. ಇಬ್ಬರು ಪೈಲಟ್‌ಗಳೂ ಸೇರಿ 21 ಮಂದಿ ಸತ್ತರು.

ನಿಯಮದಂತೆ ನಡೆದುಕೊಳ್ಳದೆ, ಸ್ಥಿರವಾಗಿಲ್ಲದ ಇಳಿಯುವಿಕೆಯನ್ನು ಪೈಲಟ್ ಮುಂದುವರಿಸಿದ್ದೇ ಮುಖ್ಯ ಕಾರಣ ಎಂದು ತನಿಖಾ ವರದಿ ಹೇಳಿತು. ಗಾಳಿಯೊಂದರಿಂದಲೇ ಆದ ಅಪಘಾತ ಇದಲ್ಲ. ಆದರೆ ಹಿಂದಿನ ಗಾಳಿ ಇದ್ದಾಗ ತಪ್ಪು ತಿದ್ದಿಕೊಳ್ಳಲು ಉಳಿಯುವ ಜಾಗ ಎಷ್ಟು ಕಡಿಮೆ ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳುವ ಘಟನೆ ಸಿಗುವುದು ಕಷ್ಟ.

ಇಲ್ಲಿ ಒಂದು ವಿಷಯ ಬೆರೆಸಬಾರದು. 2010ರ ಮೇ 22ರಂದು 158 ಮಂದಿಯನ್ನು ಬಲಿ ಪಡೆದ ಮಂಗಳೂರು ದುರಂತದಲ್ಲೂ ವಿಮಾನ ರನ್‌ವೇ ದಾಟಿ ಹೋಗಿತ್ತು. ಆದರೆ ಅಂದು ಗಾಳಿ ಶಾಂತವಾಗಿತ್ತು. ಎರಡನ್ನೂ ಸೇರಿಸಿ "ಗಾಳಿಯಿಂದಾದ ಅಪಘಾತಗಳು" ಎಂಬ ಮೆಸೇಜ್ ಬಂದರೆ ನಂಬಬೇಡಿ.

ಜನ ಕೇಳುವ ಕೆಲವು ಪ್ರಶ್ನೆಗಳು

ಹಿಂದಿನಿಂದ ಗಾಳಿ ತಳ್ಳಿದರೆ ವಿಮಾನಕ್ಕೆ ಒಳ್ಳೆಯದಲ್ಲವೇ?
ಮೇಲೆ ಹಾರುತ್ತಿರುವಾಗ ಖಂಡಿತ ಒಳ್ಳೆಯದು. ಸಮಯ, ಇಂಧನ ಎರಡೂ ಉಳಿಯುತ್ತವೆ. ನೆಲ ಬಿಡುವಾಗ ಮತ್ತು ನೆಲ ಮುಟ್ಟುವಾಗ ಮಾತ್ರ ಬೇಡ. "ಗಾಳಿ ಬಂದಾಗ ತೂರಿಕೋ" ಅನ್ನುವ ಗಾದೆ ವಿಮಾನಕ್ಕೂ ಸರಿಯೇ, ಆದರೆ ಗಾಳಿಗೆ ಮುಖ ಕೊಟ್ಟು.

ಗಾಳಿ ಪಕ್ಕದಿಂದ ಬಂದರೆ?
ಅಡ್ಡಗಾಳಿಗೂ ಮಿತಿ ಇದೆ. ಮಿತಿಯೊಳಗಿದ್ದರೆ ವಿಮಾನ ಮೂತಿಯನ್ನು ಸ್ವಲ್ಪ ಗಾಳಿಯ ಕಡೆ ತಿರುಗಿಸಿಕೊಂಡು, ಏಡಿಯಂತೆ ಓರೆಯಾಗಿ ಬಂದು, ಕೊನೆಯ ಕ್ಷಣದಲ್ಲಿ ನೇರವಾಗುತ್ತದೆ. ಇಂಥ ವಿಡಿಯೊಗಳು "ನಿಯಂತ್ರಣ ತಪ್ಪಿದ ವಿಮಾನ" ಎಂಬ ಹೆಸರಿನಲ್ಲಿ ಓಡಾಡುತ್ತವೆ. ನಿಯಂತ್ರಣ ತಪ್ಪಿಲ್ಲ, ಅದು ಪೈಲಟ್‌ಗಳಿಗೆ ಕಲಿಸುವ ವಿಧಾನ.

ಇನ್ನೇನು ಇಳಿಯಬೇಕು ಅನ್ನುವಾಗ ವಿಮಾನ ಮತ್ತೆ ಮೇಲೇರಿದರೆ ಅಪಾಯವೇ?
ಅಪಾಯ ತಪ್ಪಿಸುವ ಕ್ರಮ ಅದು. ಗಾಳಿ ಬದಲಾಯಿತು, ರನ್‌ವೇ ಖಾಲಿ ಇಲ್ಲ, ರನ್‌ವೇ ಕಾಣಲಿಲ್ಲ, ಹೀಗೆ ಯಾವ ಅನುಮಾನ ಬಂದರೂ ಮೇಲೇರಿ ಮತ್ತೆ ಬರಬೇಕು ಎಂದೇ ತರಬೇತಿ ಕೊಡುತ್ತಾರೆ. ಕೋಯಿಕ್ಕೋಡ್‌ನಲ್ಲಿ ಎರಡನೇ ಸಲವೂ ಹಾಗೆ ಮಾಡಬೇಕಿತ್ತು. ಸಹ ಪೈಲಟ್ ಹಾಗೆಂದು ಹೇಳಿದ್ದೂ ವರದಿಯಲ್ಲಿದೆ.

ಶೇರ್ ಮಾಡುವ ಮೊದಲು ಎರಡು ನಿಮಿಷ

ನಿಮ್ಮ ಮನೆಯ ಮೇಲೂ ವಿಮಾನಗಳ ದಾರಿ ದಿಢೀರನೆ ಬದಲಾದರೆ ಮೊದಲು ಫೋನಿನ ಹವಾಮಾನ ಆ್ಯಪ್ ತೆರೆದು ಗಾಳಿ ಎಲ್ಲಿಂದ ಬೀಸುತ್ತಿದೆ ನೋಡಿ. ಆ್ಯಪ್ ಬೇಡವಾದರೆ ಹತ್ತಿರದ ಬಾವುಟ ಅಥವಾ ಒಲೆಯ ಹೊಗೆ ನೋಡಿದರೂ ಆಯಿತು. ವಿಮಾನಗಳು ಗಾಳಿಗೆ ಎದುರಾಗಿ ಇಳಿಯುತ್ತಿದ್ದರೆ, ಎಲ್ಲವೂ ಒಂದೇ ದಿಕ್ಕಿನಿಂದ ಬರುತ್ತಿದ್ದರೆ, ದಿಕ್ಕು ಬದಲಾದದ್ದಕ್ಕೆ ಕಾರಣ ನಿಮಗೆ ಸಿಕ್ಕಿತು. ಫಾರ್ವರ್ಡ್‌ನಲ್ಲಿ ದಿನಾಂಕ, ವಿಮಾನದ ಸಂಖ್ಯೆ, ಹೇಳಿದವರು ಯಾರು ಎಂಬ ಮೂರೂ ಇಲ್ಲದಿದ್ದರೆ ಅದು ನಿಮ್ಮ ಫೋನಿನಲ್ಲೇ ನಿಲ್ಲಲಿ.

ಒಂದು ಮಾತು ಮಾತ್ರ ಮರೆಯಬಾರದು. ದಿಕ್ಕು ಬದಲಾವಣೆ ಸಹಜ ಅಂದ ಮಾತ್ರಕ್ಕೆ ಅದರ ಕೆಳಗೆ ಬದುಕುವವರ ತೊಂದರೆ ಸುಳ್ಳಲ್ಲ. ರಾತ್ರಿಯಿಡೀ ತಲೆ ಮೇಲೆ ಸದ್ದಾದರೆ ನಿದ್ದೆ ಕೆಡುತ್ತದೆ. ಅದರ ಬಗ್ಗೆ ದೂರು ಕೊಡುವುದು, ಪ್ರಶ್ನೆ ಕೇಳುವುದು ನ್ಯಾಯವೇ. ಆದರೆ ಸದ್ದಿನ ದೂರಿಗೆ ಅಪಾಯದ ಸುಳ್ಳು ಸೇರಿಸಿದರೆ ನಿಜವಾದ ದೂರನ್ನೂ ಯಾರೂ ಕೇಳುವುದಿಲ್ಲ.

ಇಷ್ಟನ್ನೂ ಚಿಕ್ಕಪ್ಪನಿಗೆ ಫೋನಿನಲ್ಲಿ ಹೇಳಿದೆ. "ಹಂಗಾದ್ರೆ ಆಷಾಢ ಮುಗಿಯೋ ಗಂಟ ಹಿಂಗೇನಾ?" ಅಂದರು. ಹೆಚ್ಚಿನ ದಿನ ಹೀಗೆಯೇ ಅಂದೆ. ಡಿಸೆಂಬರ್‌ನಲ್ಲಿ ಒಂದು ದಿನ ಗ್ರೂಪಿಗೆ ಅವರದ್ದೇ ಮೆಸೇಜ್ ಬಂತು: "ಮೂಡಣ ಗಾಳಿ ಶುರುವಾಯ್ತು. ವಿಮಾನ ಈಗ ನಮ್ಮ ಕಡೆಗೆ ಏರ್ತಾವೆ. ಯಾರೂ ಗಾಬರಿ ಆಗ್ಬೇಡಿ." ಆ ಗ್ರೂಪಿನಲ್ಲಿ ಬಂದ ಮೆಸೇಜ್‌ಗಳಲ್ಲಿ ನಾನು ಖುಷಿಯಿಂದ ಫಾರ್ವರ್ಡ್ ಮಾಡಿದ್ದು ಅದೊಂದೇ.